ಸಮುದ್ರಕ್ಕೆ ಹಾಕಿದ ಕೊಸರು

ಸಾರಕ್ಕಿ ಇಂಡಸ್ಟ್ರಿಯಲ್ ಲೇಔಟಿನ ಆ ಸಣ್ಣ ವರ್ಕ್‌ಶಾಪಿನಿಂದ ಯಾವ ಮಾಲೂ ಸತ್ಯಭಾಮಮ್ಮನವರ ಕಿವಿ ದಾಟದೆ ಹೊರಗೆ ಹೋಗುತ್ತಿರಲಿಲ್ಲ. ಹಾಡುವವರು ಪಕ್ಕದಲ್ಲಿಟ್ಟುಕೊಳ್ಳುವ ಶ್ರುತಿಪೆಟ್ಟಿಗೆಯಿರಲಿ, ದೇವಸ್ಥಾನದಲ್ಲಿ ಮಂಗಳಾರತಿಯ ಹೊತ್ತಿಗೆ ಸ್ವಿಚ್ಚು ಹಾಕಿದರೆ ತಾನೇ ನಗಾರಿ ಬಡಿದು ಗಂಟೆ ಹೊಡೆಯುವ ಯಂತ್ರವಿರಲಿ, ಜೋಡಣೆ ಮುಗಿದ ಮೇಲೆ ಅದು ಅವರ ಮೇಜಿಗೆ ಬರಬೇಕು. ಅವರು ಕನ್ನಡಕ ತೆಗೆದಿಟ್ಟು, ಕಣ್ಣು ಮುಚ್ಚಿ, ತೋರುಬೆರಳಿನಿಂದ ಮೇಜಿನ ಅಂಚು ತಟ್ಟುತ್ತಾ ಕೇಳಬೇಕು. ಬೆರಳು ಸಲೀಸಾಗಿ ನಡೆದರೆ ಮಾಲು ಪಾಸು, ಎಡವಿದರೆ ವಾಪಸು. ಗಂಡ ವೆಂಕಟಾಚಲ ತೀರಿಕೊಂಡಾಗ, ಈಯಮ್ಮ ಇನ್ನು ಶೆಡ್ಡು ಬಾಡಿಗೆಗೆ ಕೊಟ್ಟು ಮನೆಯಲ್ಲಿ ಕೂರುತ್ತಾರೆ ಎಂದುಕೊಂಡಿದ್ದ ಅಕ್ಕಪಕ್ಕದ ಶೆಡ್ಡಿನವರು, ಆ ಬೆರಳಿನ ಸದ್ದು ಮತ್ತೆ ಕೇಳಿಬಂದಾಗ ಸುಮ್ಮನಾದರು.

ಬೆರಳಿನಷ್ಟೇ ಹಳೆಯದು ಕೊಸರಿನ ಅಭ್ಯಾಸ. ಸತ್ಯಭಾಮಮ್ಮ ಸೊಸೆಯಾಗಿ ಬಂದ ಮನೆಯವರಿಗೆ ಗಾಂಧಿ ಬಜಾರಿನಲ್ಲಿ ದಿನಸಿ ಅಂಗಡಿಯಿತ್ತು. ಮಾವನವರು ಬೇಳೆ ತೂಗಿ, ತಕ್ಕಡಿಯ ಮುಳ್ಳು ನೆಟ್ಟಗೆ ನಿಂತ ಮೇಲೂ ಒಂದು ಚಿಟಿಕೆ ಮೇಲೆ ಹಾಕುತ್ತಿದ್ದರು. ತೂಕ ಗಿರಾಕಿಯ ಹಕ್ಕು, ಕೊಸರು ಅಂಗಡಿಯ ಮರ್ಯಾದೆ ಎನ್ನುವುದು ಅವರ ಮಾತು. ಅಂಗಡಿ ಹೋಯಿತು, ಮಾತು ಸೊಸೆಯ ಜೊತೆ ವರ್ಕ್‌ಶಾಪಿಗೆ ಬಂತು. ಶ್ರುತಿಪೆಟ್ಟಿಗೆ ಕೊಂಡವರ ಡಬ್ಬಿಯಲ್ಲಿ ಒಂದು ಫ್ಯೂಸು ಹೆಚ್ಚಿಗೆ ಇರುತ್ತಿತ್ತು. ನಗಾರಿ ಯಂತ್ರಕ್ಕೆ ಒಂದು ಕೋಲು ಹೆಚ್ಚಿಗೆ ಬರುತ್ತಿತ್ತು. ಕೇಳದೆ ಕೊಟ್ಟದ್ದನ್ನು ಯಾರೂ ಬೇಡ ಎನ್ನಲಿಲ್ಲ.

ಶುಭಾ ತಂದ ಕೆಲಸ ಬೇರೆ ತರಹದ್ದು. ಶುಭಾ ಜಯನಗರದವಳೇ, ಚಿಕ್ಕಂದಿನಲ್ಲಿ ಈ ವರ್ಕ್‌ಶಾಪಿನ ಶ್ರುತಿಪೆಟ್ಟಿಗೆ ಇಟ್ಟುಕೊಂಡೇ ಸಂಗೀತಕ್ಕೆ ಕೂತವಳು. ಈಗ ಡಾಲ್ಫಿನ್, ತಿಮಿಂಗಿಲಗಳ ಹಿಂದೆ ಕರಾವಳಿ ಅಲೆಯುತ್ತಾಳೆ. ಹೋದ ವರ್ಷ ಬಂದು ವಿಷಯ ತಿಳಿಸಿದ್ದಳು. ಒಂದೇ ಸಮುದ್ರಕ್ಕೆ ಮುಖ ಮಾಡಿರುವ ನಾಲ್ಕು ದೇಶಗಳು ಕೂತು ಒಂದು ಒಪ್ಪಂದ ಬರೆಯುತ್ತಿವೆ. ಮೀನಿಗೆಂದು ಬೀಸಿದ ಬಲೆಗೆ ಡಾಲ್ಫಿನ್ ಸಿಕ್ಕಿ, ಉಸಿರಿಗೆ ಮೇಲೆ ಬರಲಾಗದೆ ಸಾಯುತ್ತದೆ. ಅದಕ್ಕೆ ಬಲೆಯುದ್ದಕ್ಕೂ ಸದ್ದು ಮಾಡುವ ಗೇಣುದ್ದದ ಕೊಳವೆಗಳನ್ನು ಕಟ್ಟಬೇಕು. ಪಿಂಗರ್ ಅನ್ನುತ್ತಾರೆ. ಸದ್ದು ಕೇಳಿ ಡಾಲ್ಫಿನ್ ಪಕ್ಕಕ್ಕೆ ಹೋಗುತ್ತದೆ. ಇದನ್ನು ನಾಲ್ಕೂ ದೇಶಗಳಿಗೆ ಕಡ್ಡಾಯ ಮಾಡುವುದು ಒಪ್ಪಂದದ ಒಂದು ಕಲಮು. ಅದಕ್ಕೆ ಮೊದಲು ಮೀನುಗಾರಿಕೆಯ ಒಂದು ಹಂಗಾಮು ಪೂರ್ತಿ ಪರೀಕ್ಷೆ ನಡೆಯಬೇಕು.

ನಾಲ್ಕೂ ದೇಶ ಯಾಕೆ, ನಮ್ಮದೊಂದು ಮಾಡಿದರೆ ಸಾಲದೆ ಎಂದು ಸತ್ಯಭಾಮಮ್ಮ ಆಗ ಕೇಳಲಿಲ್ಲ. ಅವರ ಬೀದಿಯಲ್ಲಿ ಮೂರು ಮನೆಯವರು ಚರಂಡಿ ಸರಿ ಮಾಡಿಸಿ, ನಾಲ್ಕನೆಯವರು ನಮಗೇನು ಎಂದು ಬಿಟ್ಟದ್ದರಿಂದ ಪ್ರತಿ ಮಳೆಗೂ ಮೂವರ ಅಂಗಳಕ್ಕೂ ನೀರು ನುಗ್ಗುತ್ತಿತ್ತು. ಒಪ್ಪಂದ ಎಂದರೇನೆಂದು ಅವರಿಗೆ ಬೇರೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಪಿಂಗರ್ ಹೇಗಿರಬೇಕೆಂದು ಶುಭಾ ಬರೆದುಕೊಟ್ಟಿದ್ದಳು. ಸತ್ಯಭಾಮಮ್ಮನವರ ತಂಗಿಯ ಮಗ ಭಾರ್ಗವ, ವರ್ಕ್‌ಶಾಪಿಗೆ ಇರುವ ಒಬ್ಬನೇ ಇಂಜಿನಿಯರು, ಅದನ್ನು ಓದಿ ಪ್ರೋಗ್ರಾಮು ಬರೆದು, ಮೊದಲ ಪೀಸು ಜೋಡಿಸಿಟ್ಟು ಮದುವೆ ಮಾಡಿಕೊಳ್ಳಲು ಹೊರಟುಹೋದ. ಉಪ್ಪುನೀರು ತಾಗಿದರೆ ಮಾತ್ರ ಶುರುವಾಗುವ ಕೊಳವೆ ಅದು. ಸತ್ಯಭಾಮಮ್ಮ ಬಕೆಟ್ಟಿನ ನೀರಿಗೆ ಒಂದು ಹಿಡಿ ಕಲ್ಲುಪ್ಪು ಕದಡಿ, ಕೊಳವೆ ಮುಳುಗಿಸಿ, ಕಣ್ಣು ಮುಚ್ಚಿದರು. ಟಿಣ್ ಎಂದಿತು. ಬೆರಳು ಮೇಜಿಗೆ ಇಳಿಯಿತು. ಮುಂದಿನದು ಬೇಗ ಬಂತು. ಅದರ ಮುಂದಿನದು ಎಷ್ಟು ಹೊತ್ತಾದರೂ ಬರಲಿಲ್ಲ. ಬಂದಾಗ ಒಂದರ ಬೆನ್ನಿಗೆ ಇನ್ನೊಂದು ಬಂತು. ಬೆರಳು ಎಡವಿತು.

ಅವರಿಗೆ ಅಸಹ್ಯವಾಯಿತು. ಹಾಲು ಒಡೆದದ್ದು ವಾಸನೆಗೇ ಗೊತ್ತಾಗುವ ಹಾಗೆ ಅವರ ಕಿವಿಗೆ ಕೆಟ್ಟ ಮಾಲು ಗೊತ್ತಾಗುತ್ತಿತ್ತು. ಸರ್ಕ್ಯೂಟು ಕೂರಿಸುವ ಮರೆಪ್ಪನನ್ನು ಕರೆದು ಕೇಳಿದರು. ರಾಯಚೂರು ಕಡೆಯಿಂದ ಬಂದು ಸುದ್ದಗುಂಟೆಪಾಳ್ಯದಲ್ಲಿ ಸಂಸಾರ ಹೂಡಿದ್ದ ಮರೆಪ್ಪ, ಪ್ರೋಗ್ರಾಮಿನಲ್ಲೇ ಹಾಗಿದೆ ಎಂದ. ಮದುವೆಯ ಗಡಿಬಿಡಿಯಲ್ಲಿ ಹುಡುಗ ತಪ್ಪು ಬರೆದಿದ್ದಾನೆ ಎಂದು ಸತ್ಯಭಾಮಮ್ಮನವರಿಗೆ ಖಾತ್ರಿಯಾಯಿತು. ಅರಿಶಿನ ಹಚ್ಚಿಕೊಂಡು ಕೂತ ಮದುಮಗನಿಗೆ ಫೋನು ಮಾಡುವುದು ಬೇಡವೆನಿಸಿತು. ನಗಾರಿ ಯಂತ್ರಕ್ಕೆ ಹಾಕುವ ಹಾಗೆಯೇ ಇದಕ್ಕೂ ಒಂದು ಸಮನಾದ ತಾಳದ ನಡೆ ಹಾಕಲು ಮರೆಪ್ಪನಿಗೆ ಹೇಳಿದರು. ಅವನು ಹಾಕಿದ. ಈ ಸಲ ಕೊಳವೆ ಬಕೆಟ್ಟಿನಲ್ಲಿ ಎಷ್ಟು ಚೆನ್ನಾಗಿ ನುಡಿಯಿತೆಂದರೆ, ಮೂಲೆಯಲ್ಲಿ ತಂತಿ ಸುತ್ತುತ್ತಿದ್ದ ಮುನಿವೆಂಕಟಮ್ಮ ತಲೆಯಾಡಿಸಿದಳು. ಅಷ್ಟೂ ಪೀಸುಗಳನ್ನು ಹಾಗೇ ಮಾಡಿಸಿ, ಡಬ್ಬಿಗೆ ಕುಂಕುಮದ ಬೊಟ್ಟಿಟ್ಟು ಕಳಿಸಿದರು. ಸಮುದ್ರದ ಜೀವಕ್ಕೂ ನಮ್ಮ ಕಡೆಯಿಂದ ಒಂದು ಚಿಟಿಕೆ ಕೊಸರು ಹೋಯಿತು ಎಂಬ ಸಂತೋಷ ಅವರಿಗೆ ಬಹಳ ದಿನ ಇತ್ತು. ಭಾರ್ಗವ ರಜೆ ಮುಗಿಸಿ ಬಂದಾಗ ಡಬ್ಬಿ ಹೊರಟುಹೋಗಿತ್ತು. ಅವನು ಕೇಳಲಿಲ್ಲ, ಇವರು ಹೇಳಲಿಲ್ಲ.

ಈ ವರ್ಷ ಆಯುಧಪೂಜೆಯ ಬಾಳೆಕಂದು ಬಾಗಿಲಲ್ಲಿ ಇನ್ನೂ ಒಣಗುತ್ತಿರುವಾಗ ಶುಭಾ ಬಂದಳು. ಮುಖ ಬಿಸಿಲಿಗೆ ಕಪ್ಪಾಗಿತ್ತು. ಚೀಲದಿಂದ ಒಂದು ಪಿಂಗರ್ ತೆಗೆದು ಮೇಜಿನ ಮೇಲಿಟ್ಟಳು. ಅದರ ಮೈಗೆ ಸಣ್ಣ ಸಣ್ಣ ಬಿಳಿ ಚಿಪ್ಪುಗಳು ಹತ್ತಿದ್ದವು. ಇವರು ಒಂದು ನೆನಪಿಗೆ ಇಟ್ಟುಕೊಳ್ಳಲಿ ಎಂದು ತಂದಿದ್ದಳಂತೆ. ಪರೀಕ್ಷೆ ಸೋತಿತು ಎಂದಳು.

ಮೊದಮೊದಲು ಎಲ್ಲ ನೆಟ್ಟಗೇ ಇತ್ತಂತೆ. ಡಾಲ್ಫಿನ್‌ಗಳು ಬಲೆಯಿಂದ ದೂರ ಇದ್ದವು, ಬಲೆ ಹರಿಯುವುದು ತಪ್ಪಿತೆಂದು ದೋಣಿಯವರೂ ಖುಷಿಯಾಗಿದ್ದರು. ಹಂಗಾಮು ಅರ್ಧಕ್ಕೆ ಬಂದಾಗ ಎಲ್ಲ ತಿರುಗುಮುರುಗಾಯಿತು.

“ದೋಣಿಯವರು ಏನಂತಾರೆ ಗೊತ್ತಾ ಆಂಟಿ? ಇದು ಹೊಡ್ಕೊಳ್ಳೋಕೆ ಶುರುವಾದ್ರೆ ಸಾಕಂತೆ, ಸ್ಕೂಲ್ ಮಕ್ಕಳು ಊಟದ ಬೆಲ್ಲಿಗೆ ಓಡಿಬರೋ ಹಾಗೆ ಬರ್ತವಂತೆ. ಬೆಲ್ ಹೊಡೀತು ಅಂದ್ರೆ ಅಲ್ಲಿ ಬಲೆ ಇದೆ, ಬಲೇಲಿ ಮೀನಿದೆ ಅಂತ ಕಲಿತುಬಿಟ್ಟಿವೆ.”

ಹನ್ನೊಂದು ಸತ್ತಿದ್ದವು. ಶುಭಾ ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಮರಳಿನ ಮೇಲೆ ಒಂದು ಮರಿ ಮಲಗಿತ್ತು. ಮೈ ಬೆಳ್ಳಿಪಾತ್ರೆಯ ಹಾಗೆ ನುಣುಪು. ಕೊಕ್ಕಿನಂಥ ಮೂತಿಯ ಸುತ್ತ ಬಲೆಯ ದಾರ ಕುಯ್ದ ಗೆರೆ. ಹತ್ತಿರದಲ್ಲೇ ತಾಯಿಯೂ ಸಿಕ್ಕಿತಂತೆ. ಆ ಚಿತ್ರ ತೆಗೆಯುವ ಧೈರ್ಯ ಆಗಲಿಲ್ಲವಂತೆ.

ಸೋಮವಾರ ನಾಲ್ಕು ದೇಶದವರ ಸಭೆ. ಪಿಂಗರಿನಿಂದ ಪ್ರಯೋಜನವಿಲ್ಲವೆಂದು ಆ ಕಲಮನ್ನು ಹೊಡೆದುಹಾಕುತ್ತಾರೆ. ಆ ಒಂದು ಕಲಮಿನ ಹಿಂದೆಯೇ ಇನ್ನೊಂದಿತ್ತು, ತಿಮಿಂಗಿಲಗಳು ಹಾಯುವ ದಾರಿಯಲ್ಲಿ ಹಡಗುಗಳು ನಿಧಾನ ಹೋಗಬೇಕೆನ್ನುವುದು. ಮೊದಲನೆಯದು ಬಿದ್ದರೆ ಅದನ್ನು ಎತ್ತಿ ಹಿಡಿಯುವವರು ಯಾರೂ ಇರುವುದಿಲ್ಲ. ಒಪ್ಪಂದಕ್ಕೆ ಸಹಿ ಆಗಬಹುದು, ಆದರೆ ಕಾಳು ಹಾರಿಹೋಗಿ ತೌಡು ಉಳಿಯುತ್ತದೆ.

“ಒಂದೇ ಸಮ ಹೊಡೆದ್ರೆ ಒಗ್ಗಿಕೊಂಡುಬಿಡ್ತವೆ ಅಂತಾನೇ ಸದ್ದು ಏರುಪೇರಾಗಿರ್ಲಿ ಅಂತ ಬರ್ದಿದ್ದೆ,” ಎಂದಳು ಶುಭಾ. “ಏರುಪೇರಿಗೂ ಒಗ್ಗಿಕೊಂಡ್ವು ಅಂದ್ರೆ ಇನ್ನೇನಿದೆ ಹೇಳಿ.”

ಸತ್ಯಭಾಮಮ್ಮನವರ ಬೆರಳು ಮೇಜಿನ ಅಂಚಿನ ಮೇಲಿತ್ತು. ಅದನ್ನು ಅವರು ಮಡಿಲಿಗೆ ಎಳೆದುಕೊಂಡರು. ಬಲೆಗೆ ಕಟ್ಟುವ ಮುಂಚೆ ನೀನು ಒಂದರ ಸದ್ದನ್ನಾದರೂ ಕೇಳಿದ್ದೆಯಾ ಎಂದು ಕೇಳಿದರು. ಬಲೆಗೆ ಕಟ್ಟಿದ ಮೇಲೆ ನೀರಿನಡಿಯಲ್ಲಿ ಹತ್ತಾರು ಒಟ್ಟಿಗೆ ಹೊಡೆದುಕೊಳ್ಳುತ್ತವೆ, ಸಂತೆಯ ಗದ್ದಲದ ಹಾಗೆ, ಯಾವುದು ಯಾವುದೆಂದು ತಿಳಿಯುವುದಿಲ್ಲ ಎಂದಳು ಶುಭಾ. ಕಟ್ಟುವ ಮುಂಚೆ ಕೇಳಲಿಲ್ಲ.

“ನೀವು ಕೂತು ಕೇಳಿ ಕಳಿಸಿದ್ದನ್ನ ನಾನು ಮತ್ತೆ ಕೇಳೋದಾ ಆಂಟಿ?”

ಅವಳು ಕಾಫಿ ಕುಡಿದು, ತೊಂದರೆ ಕೊಟ್ಟೆ ಎಂದು ಹೇಳಿ ಹೋದಳು. ತೊಂದರೆ ಕೊಟ್ಟದ್ದು ಅವಳಂತೆ.

ಸಂಜೆ ಉಳಿದವರೆಲ್ಲ ಹೊರಟ ಮೇಲೆ ಸತ್ಯಭಾಮಮ್ಮ ಬಕೆಟ್ಟು ತರಿಸಿ, ಉಪ್ಪು ಕದಡಿ, ಆ ಚಿಪ್ಪು ಹತ್ತಿದ ಕೊಳವೆಯನ್ನು ಮುಳುಗಿಸಿದರು. ಭಾರ್ಗವನೂ ಮರೆಪ್ಪನೂ ನಿಂತಿದ್ದರು. ಹಂಗಾಮು ಪೂರ್ತಿ ಸಮುದ್ರದಲ್ಲಿ ಇದ್ದು ಬಂದರೂ ಅದು ಒಂದಿಷ್ಟೂ ಎಡವಲಿಲ್ಲ. ಮಂಗಳಾರತಿಯ ಗಂಟೆಯ ಹಾಗೆ ಸಮನಾಗಿ, ಅಂದವಾಗಿ ನುಡಿಯಿತು. ಅಂಥ ಮಾಲಿಗೆ ಕಿವಿಗೊಟ್ಟು ಕೂರುವುದು ಅವರಿಗೆ ಅದೇ ಮೊದಲ ಸಲ ಕಷ್ಟವಾಯಿತು.

ಭಾರ್ಗವನ ಮುಖ ಮೊದಲು ಪೆಚ್ಚಾಯಿತು, ಆಮೇಲೆ ಕೆಂಪಾಯಿತು. ನಾನು ಬರೆದಿಟ್ಟದ್ದು ಇದಲ್ಲ ಎಂದ. ಅಲ್ಲ ಎಂದು ಅವರು ಒಪ್ಪಿಕೊಂಡು, ನಡೆದದ್ದನ್ನೆಲ್ಲ ಹೇಳಿದರು. ಅವನು ತಲೆಯ ಮೇಲೆ ಕೈಯಿಟ್ಟುಕೊಂಡು ಸ್ಟೂಲಿನ ಮೇಲೆ ಕೂತ. ಕೂತವನು ಒಳ್ಳೆಯ ಇಂಜಿನಿಯರು, ಬೇಗ ಲೆಕ್ಕಕ್ಕೆ ಇಳಿದ. ಯಾರೂ ನಮ್ಮ ಕಡೆ ಬೆರಳು ತೋರಿಸಿಲ್ಲ. ಡಾಲ್ಫಿನ್ ಒಗ್ಗಿಕೊಂಡಿತು ಎಂದು ಎಲ್ಲರೂ ನಂಬಿದ್ದಾರೆ. ಸುಮ್ಮನಿದ್ದರೆ ಇದು ಇಲ್ಲಿಗೆ ಮುಗಿಯುತ್ತದೆ. ಬಾಯಿ ಬಿಟ್ಟರೆ ವರ್ಕ್‌ಶಾಪಿನ ಹೆಸರು ನಾಲ್ಕು ದೇಶದ ಕಾಗದದಲ್ಲಿ ಬರುತ್ತದೆ. ಬರೆದುಕೊಟ್ಟದ್ದನ್ನು ಬಿಟ್ಟು ತಮ್ಮಿಷ್ಟಕ್ಕೆ ಮಾಡುವವರ ಹತ್ತಿರ ನಾಳೆ ಶ್ರುತಿಪೆಟ್ಟಿಗೆ ಕೊಳ್ಳಲು ಯಾರು ಬರುತ್ತಾರೆ?

“ಸುಮ್ಮನಿದ್ರೆ ನಮಗೆ ಮುಗಿಯತ್ತೆ,” ಎಂದರು ಸತ್ಯಭಾಮಮ್ಮ. “ಅವಕ್ಕೆ?”

“ದೊಡ್ಡಮ್ಮ, ಹೇಳ್ಲೇಬೇಕು ಅಂದ್ರೆ ಬೇರೆ ದಾರಿ ಇದೆ. ಅಸೆಂಬ್ಲಿಲಿ ಮಿಸ್ಟೇಕ್ ಆಯ್ತು ಅನ್ನೋಣ. ಟೆಕ್ನಿಷಿಯನ್ ಲೆವೆಲ್‌ನಲ್ಲಿ. ಅದು ಎಲ್ಲಾ ಕಡೆ ಆಗತ್ತೆ.”

ಟೆಕ್ನಿಷಿಯನ್ ಅಲ್ಲೇ ನಿಂತಿದ್ದ. ಮರೆಪ್ಪ ಬಕೆಟ್ಟಿನ ಕಡೆ ನೋಡುತ್ತಾ, ಕೈ ಒರೆಸುವ ಬಟ್ಟೆಯನ್ನು ಮಡಚಿ ಬಿಚ್ಚಿ ಮಾಡುತ್ತಿದ್ದ.

“ಹಂಗ ಹೇಳ್ರಿ ಅಮ್ಮಾರ,” ಎಂದ. “ಕೈ ಹಾಕಿದಾಂವ ನಾನಾ ಅದೀನಿ. ನನ್ನ ಹೆಸರಿಗೆ ಏನೈತಿ, ಹೋಗಾಕ.”

ಭಾರ್ಗವ ತಲೆ ತಗ್ಗಿಸಿದ. ತಾನು ಆಡಿದ ಮಾತು ಇನ್ನೊಬ್ಬನ ಬಾಯಲ್ಲಿ ಕೇಳಿದಾಗ ಹೇಗಿರುತ್ತದೆಂದು ಅವನಿಗೆ ತಿಳಿದಿರಬೇಕು. ಸತ್ಯಭಾಮಮ್ಮ ಎದ್ದು ಕೊಳವೆಯನ್ನು ನೀರಿನಿಂದ ತೆಗೆದು, ಸೆರಗಿನಲ್ಲಿ ಒರೆಸಿದರು. ಸದ್ದು ನಿಂತಿತು.

“ಮರೆಪ್ಪ, ನಿನ್ನ ಕೈ ನಾನು ಹೇಳಿದ್ದನ್ನ ಮಾಡ್ತು. ಕೇಳಿ ಪಾಸ್ ಮಾಡಿದ್ದು ನನ್ನ ಕಿವಿ. ಮಾಲು ಚೆನ್ನಾಗಿದೆ ಅಂತ ಯಾರಾದ್ರೂ ಹೊಗಳಿದಾಗ ನಿನ್ನ ಹೆಸರು ಹೇಳಿದ್ನಾ ನಾನು? ಇಲ್ಲ. ನಮ್ಮ ವರ್ಕ್‌ಶಾಪು ಅಂದೆ. ಬೈಸ್ಕೊಳ್ಳೋವಾಗ್ಲೂ ಅದೇ ಹೇಳ್ತೀನಿ. ಮನೆಗೆ ಹೋಗು.”

ಮಾರನೆಯ ಬೆಳಿಗ್ಗೆ ಆಟೋ ಹಿಡಿದು ಜಯನಗರದ ಒಂಬತ್ತನೇ ಬ್ಲಾಕಿಗೆ, ಶುಭಾಳ ಮನೆಗೆ ಹೋದರು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಳ್ಳಲು ನೋಡಿದರು. ಹೇಗೆ ಜೋಡಿಸಿದರೂ ಒಂದು ಕಡೆ ಅದು ತಮ್ಮ ಪರವಾಗಿ ವಾಲುತ್ತಿತ್ತು. ಕೊನೆಗೆ ಜೋಡಿಸುವುದನ್ನೇ ಬಿಟ್ಟರು. ಬಾಗಿಲು ತೆಗೆದ ಶುಭಾಳಿಗೆ, ಒಳಗೆ ಕೂರುವ ಮುಂಚೆಯೇ, ಪಿಂಗರ್ ಒಂದೇ ಸಮ ಹೊಡೆಯುತ್ತಿತ್ತು, ಹಾಗೆ ಮಾಡಿಸಿದ್ದು ನಾನು ಎಂದುಬಿಟ್ಟರು.

ಶುಭಾ ಅವರನ್ನು ಒಳಗೆ ಕರೆದು ಕೂರಿಸಿದಳು. ಅವಳ ತಾಯಿ ತಂದಿಟ್ಟ ಕಾಫಿ ಇಬ್ಬರ ಮುಂದೆಯೂ ಕೆನೆಗಟ್ಟಿತು.

“ಬರ್ದಿತ್ತಲ್ಲ ಆಂಟಿ,” ಎಂದಳು ಕೊನೆಗೆ. “ಅಷ್ಟು ಸ್ಪಷ್ಟವಾಗಿ ಬರ್ದಿತ್ತು.”

“ಬರ್ದಿತ್ತು. ನಾನು ಬರ್ದಿದ್ದು ನೋಡ್ಲಿಲ್ಲ, ಕಿವಿ ನಂಬಿದೆ.”

“ಆ ಮರಿ...” ಎಂದು ಶುಭಾ ಅಷ್ಟಕ್ಕೇ ನಿಲ್ಲಿಸಿ, ಎದ್ದು ಒಳಗೆ ಹೋದಳು. ಸತ್ಯಭಾಮಮ್ಮ ಕಾದರು. ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ. ಮುಖ ತೊಳೆದುಕೊಂಡು ಬಂದು, ಇದನ್ನು ನಾನು ಹೇಳಿದರೆ ಪರೀಕ್ಷೆ ಸೋತವಳು ನೆಪ ಹುಡುಕುತ್ತಿದ್ದಾಳೆ ಅನ್ನುತ್ತಾರೆ, ನೀವೇ ಹೇಳಬೇಕು ಎಂದಳು. ತನ್ನ ತಪ್ಪೂ ಇದೆ, ಒಂದು ಬಕೆಟ್ಟು ಉಪ್ಪುನೀರಿನಲ್ಲಿ ತಿಳಿಯಬಹುದಾದದ್ದನ್ನು ತಿಳಿದುಕೊಳ್ಳದೆ ಸಮುದ್ರಕ್ಕೆ ಇಳಿಸಿದೆ, ಅದನ್ನೂ ಸಭೆಯಲ್ಲಿ ಹೇಳುತ್ತೇನೆ ಎಂದಳು.

ಸೋಮವಾರ ಸಭೆ ನಡೆದದ್ದು ದೂರದ ಇನ್ನೊಂದು ದೇಶದ ಊರಿನಲ್ಲಿ. ಶುಭಾ ಅಲ್ಲಿದ್ದಳು. ಸತ್ಯಭಾಮಮ್ಮ ವರ್ಕ್‌ಶಾಪಿನ ಮೇಜಿನ ಮುಂದೆ ಕೂತಿದ್ದರು, ಎದುರಿಗೆ ಭಾರ್ಗವನ ಲ್ಯಾಪ್‌ಟಾಪು, ಪಕ್ಕದಲ್ಲಿ ಎರಡು ಬಕೆಟ್ಟು. ಭಾರ್ಗವ ಮೂರು ದಿನದಿಂದ ದೊಡ್ಡಮ್ಮನ ಜೊತೆ ಸರಿಯಾಗಿ ಮಾತಾಡಿರಲಿಲ್ಲ. ಆದರೂ ತಾನು ಮೊದಲು ಬರೆದಿದ್ದ ಪ್ರೋಗ್ರಾಮನ್ನು ಹುಡುಕಿ, ಒಂದು ಹೊಸ ಕೊಳವೆಗೆ ತುಂಬಿ, ಯಾರೂ ಹೇಳದೆಯೇ ತಂದಿಟ್ಟಿದ್ದ.

ಅವರು ಕನ್ನಡದಲ್ಲೇ ಹೇಳಿದರು. ಶುಭಾ ಅಲ್ಲಿ ಇಂಗ್ಲಿಷಿಗೆ ತಿರುಗಿಸಿದಳು. ಮೊದಲ ಬಕೆಟ್ಟಿನಲ್ಲಿ ಚಿಪ್ಪು ಹತ್ತಿದ ಕೊಳವೆ ಸಮನಾಗಿ ನುಡಿಯಿತು. ಎರಡನೆಯದರಲ್ಲಿ ಹೊಸದು ಕುಂಟುತ್ತಾ, ಓಡುತ್ತಾ, ನಿಲ್ಲುತ್ತಾ ನುಡಿಯಿತು. ಮೊದಲನೆಯದನ್ನು ಯಾರು ಬೇಕಾದರೂ ಒಂದು ದಿನದಲ್ಲಿ ಕಲಿಯುತ್ತಾರೆ, ಎರಡನೆಯದನ್ನು ಜನ್ಮವೆಲ್ಲ ಕೇಳಿದರೂ ಕಲಿಯಲಾಗುವುದಿಲ್ಲ, ನೀವು ಕೇಳಿದ್ದು ಎರಡನೆಯದನ್ನು, ನಾನು ಕೊಟ್ಟದ್ದು ಮೊದಲನೆಯದನ್ನು ಎಂದರು. ಕೊಳವೆಯ ಯೋಚನೆ ಸೋತಿಲ್ಲ, ಅದನ್ನು ಯಾರೂ ಇನ್ನೂ ಪರೀಕ್ಷಿಸಿಯೇ ಇಲ್ಲ.

ಒಬ್ಬರು ಕೇಳಿದರು, ಬರೆದುಕೊಟ್ಟದ್ದನ್ನು ಬದಲಾಯಿಸಲು ಅನುಮತಿ ಯಾರು ಕೊಟ್ಟರು?

“ಯಾರೂ ಇಲ್ಲ. ನಾನೇ.”

ಯಾಕೆ ಎಂದು ಇನ್ನೊಬ್ಬರು ಕೇಳಿದರು. ಸತ್ಯಭಾಮಮ್ಮ ಕೊಸರಿನ ವಿಷಯ ಹೇಳಿದರು. ಅದನ್ನು ತಿರುಗಿಸುವಾಗ ಶುಭಾ ತಡವರಿಸಿದಳು, ಎರಡು ಮೂರು ಸಲ ಬೇರೆ ಬೇರೆ ರೀತಿಯಲ್ಲಿ ಹೇಳಿದಳು. ತಕ್ಕಡಿಯ ಮುಳ್ಳು, ಚಿಟಿಕೆ, ಮರ್ಯಾದೆ. ಪರದೆಯ ಮೂಲೆಯಲ್ಲಿ ಒಂದು ದ್ವೀಪದ ಕಡೆಯ ವಯಸ್ಸಾದ ಮನುಷ್ಯ, ಅಲ್ಲಿಯವರೆಗೆ ಕಾಗದದಿಂದ ತಲೆ ಎತ್ತದಿದ್ದವರು, ಎತ್ತಿ ನೋಡಿದರು. ನಮ್ಮ ಮೀನುಪೇಟೆಯಲ್ಲೂ ಹೀಗೆ ಒಂದು ಮೀನು ಮೇಲೆ ಹಾಕುತ್ತಾರೆ ಎಂದರಂತೆ. ಆಮೇಲೆ ಇನ್ನೊಂದು ಮಾತು ಹೇಳಿದರು. ಶುಭಾ ಅದನ್ನು ತಿರುಗಿಸಲೋ ಬೇಡವೋ ಎಂದು ನೋಡಿ, ತಿರುಗಿಸಿದಳು. ಹಾಕುವ ಮುಂಚೆ ಪಡೆಯುವವರನ್ನು ಕೇಳಬೇಕು.

ಸತ್ಯಭಾಮಮ್ಮ ಪರದೆಗೆ ಕೈ ಮುಗಿದರು.

ಕಲಮು ಉಳಿಯಿತು ಎನ್ನುವಂತಿಲ್ಲ, ಬಿತ್ತು ಎನ್ನುವಂತೆಯೂ ಇಲ್ಲ. ಇನ್ನೊಂದು ಹಂಗಾಮು ನೋಡೋಣ ಎಂದು ನಾಲ್ಕೂ ದೇಶದವರು ಮುಂದಕ್ಕೆ ಹಾಕಿದರು. ಅದರ ಬೆನ್ನಿಗಿದ್ದ ತಿಮಿಂಗಿಲದ ದಾರಿಯ ಕಲಮೂ ಅಲ್ಲಿಯವರೆಗೆ ಕಾಯುತ್ತದೆ. ಹಳೆಯ ಪಿಂಗರುಗಳೆಲ್ಲ ವರ್ಕ್‌ಶಾಪಿಗೆ ವಾಪಸು ಬಂದು ಸರಿಯಾಗಬೇಕು, ಸರಿಯಾದ ಮೇಲೆ ಬೇರೆಯವರು ಪರೀಕ್ಷೆ ಮಾಡುತ್ತಾರೆ, ಇವರ ಮಾತಿಗೆ ಬಿಡುವುದಿಲ್ಲ. ಏನಾಯಿತು, ಯಾರಿಂದಾಯಿತು ಎನ್ನುವುದು ಸಭೆಯ ವರದಿಯಲ್ಲಿ ಹೆಸರು ಸಮೇತ ಬರುತ್ತದೆ. ಬಂತು ಕೂಡ. ಚಾಮರಾಜಪೇಟೆಯ ಒಂದು ಸಂಗೀತದ ಅಂಗಡಿಯವರು ಅದನ್ನು ಯಾರಿಂದಲೋ ಕೇಳಿ, ಈ ಸಲ ಮಾಲು ಬೇಡ ಎಂದು ಹೇಳಿ ಕಳಿಸಿದರು. ಭಾರ್ಗವ ನಾನು ಹೇಳಿರಲಿಲ್ಲವೇ ಎನ್ನಲಿಲ್ಲ. ಅಷ್ಟು ದೊಡ್ಡಸ್ತಿಕೆ ಅವನಿಗೆ ಎಲ್ಲಿಂದಲೋ ಬಂದಿತ್ತು.

ಚಿಪ್ಪು ಹತ್ತಿದ ಕೊಳವೆಗಳು ಗೋಣಿಚೀಲಗಳಲ್ಲಿ ಬಂದವು. ವರ್ಕ್‌ಶಾಪಿನ ತುಂಬ ಸಮುದ್ರದ ವಾಸನೆ. ಮುನಿವೆಂಕಟಮ್ಮ ಮೂಗಿಗೆ ಸೆರಗು ಹಿಡಿದುಕೊಂಡು, ಇದೇನವ್ವ, ಗಂಟೆ ಮಾಡೋರು ಮೀನಂಗ್ಡಿ ಇಟ್ಕೊಂಡ್ರಾ ಎಂದಳು. ಯಾರೂ ನಗಲಿಲ್ಲ. ಮರೆಪ್ಪ ಒಂದೊಂದನ್ನೇ ಕೆರೆದು, ತೊಳೆದು, ಬಿಚ್ಚಿ, ಭಾರ್ಗವ ಬರೆದದ್ದನ್ನು ತುಂಬಿದ.

ಬೇರೆಯವರು ಹೇಗೂ ಪರೀಕ್ಷೆ ಮಾಡುತ್ತಾರಲ್ಲ ಎಂದು ಭಾರ್ಗವ ಹೇಳಿದರೂ ಸತ್ಯಭಾಮಮ್ಮ ಮೇಜಿನ ಮುಂದೆ ಕೂತರು. ಕನ್ನಡಕ ತೆಗೆದರು, ಕಣ್ಣು ಮುಚ್ಚಿದರು. ಕೊಳವೆ ಬಕೆಟ್ಟಿನಲ್ಲಿ ನುಡಿಯಿತು. ಅಷ್ಟು ವರ್ಷದ ಬೆರಳು ತಾನಾಗಿ ಮೇಜಿಗೆ ಇಳಿದು ತಾಳಕ್ಕೆ ಹುಡುಕಾಡಿತು. ಒಂದು ಸಿಕ್ಕಿತು, ಇನ್ನೊಂದು ತಪ್ಪಿತು, ಮತ್ತೊಂದು ತಪ್ಪಿತು. ಬೆರಳು ಎಡವಿ ಎಡವಿ ಸೋತು ನಿಂತಿತು. ಅವರು ಆ ಕೊಳವೆಯನ್ನು ಪಾಸಾದವುಗಳ ಕಡೆ ಇಟ್ಟರು. ಹೀಗೇ ಒಂದೊಂದೂ. ಮಧ್ಯಾಹ್ನದ ಹೊತ್ತಿಗೆ ಒಂದೇ ಒಂದು ಕೊಳವೆ ಬೆರಳಿಗೆ ಸಿಕ್ಕಿತು. ಸಲೀಸಾಗಿ, ಸಮನಾಗಿ, ಕೇಳಿದವರು ತಲೆದೂಗುವ ಹಾಗೆ ನಡೆಯಿತು. ಹಳೆಯ ಪ್ರೋಗ್ರಾಮೇ ಅದರಲ್ಲಿ ಉಳಿದುಬಿಟ್ಟಿತ್ತು. ಕೇಳುತ್ತಾ ಕೇಳುತ್ತಾ ಅವರಿಗೆ ಮರಳಿನ ಮೇಲಿನ ಆ ನುಣುಪು ಮೈ ಕಣ್ಣಿಗೆ ಕಟ್ಟಿತು. ಅದೂ ಹೀಗೇ ಕಿವಿಗೊಟ್ಟಿರಬೇಕು, ಹೀಗೇ ಹಿತವೆನಿಸಿರಬೇಕು, ತಾಯಿಯ ಹಿಂದೆ ಬಂದಿರಬೇಕು. ಅವರು ಕೊಳವೆಯನ್ನು ನೀರಿನಿಂದ ಎತ್ತಿ ಮರೆಪ್ಪನ ಕಡೆ ಚಾಚಿದರು.

“ಇದು ಕೆಟ್ಟಿದೆ. ಮತ್ತೆ ಮಾಡು.”

ಎಲ್ಲ ಮುಗಿದು ಡಬ್ಬಿ ತುಂಬುವಾಗ ಮರೆಪ್ಪ ಬಲೆಗೆ ಕಟ್ಟುವ ಹಗ್ಗದ ಸುರುಳಿ ಹಿಡಿದು ನಿಂತ. ಪ್ರತಿ ಕೊಳವೆಗೂ ಇಷ್ಟುದ್ದವೆಂದು ಅಳತೆ ಬರೆದಿತ್ತು. ವಾಡಿಕೆಯಂತೆ ಒಂದು ಮೊಳ ಹೆಚ್ಚಿಗೆ ಕತ್ತರಿಸಲೇ ಎಂದು ಕೇಳಿದ. ಸತ್ಯಭಾಮಮ್ಮ ಕುಂಕುಮದ ಬಟ್ಟಲಿನ ಕಡೆ ಹೋಗಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

“ಬೇಡ ಮರೆಪ್ಪ,” ಎಂದರು. “ಅವರು ಕೇಳಿದಷ್ಟೇ ಹಾಕು.”